ತುಂಬಿದ ಕಪಾಟಿನ ಮುಂದೆ

ನಮ್ಮೂರಿನ ಸರ್ಕಾರಿ ಬ್ರಾಂದಿ ಅಂಗಡಿಯ ಆ ಸೇಲ್ಸ್‌ಮನ್ ಬಾಟಲಿಯನ್ನು ಹಳೇ ಪೇಪರಿನಲ್ಲಿ ಸುತ್ತಿ, "ಉಂಡು ಮಲಗ್ರಿ" ಎಂದೇ ಕೊಡುತ್ತಿದ್ದರು. ಒಂದು ದಿನ ಅವ್ವ ಕೌಂಟರಿನ ಮುಂದೆ ನಿಂತು, "ಅಣ್ಣಾ, ನಮ್ಮನೆಯೋರಿಗೆ ದಿನಕ್ಕೊಂದೇ ಕೊಡ್ರಿ" ಎಂದಳು. ಅಂದಿನಿಂದ ಅಪ್ಪ ಎರಡನೇ ಸಲ ಹೋದರೆ ಅವರು ತುಂಬಿದ ಕಪಾಟಿಗೆ ಬೆನ್ನು ಮಾಡಿ ನಿಂತು, "ಸ್ಟಾಕ್ ಇಲ್ರಿ, ನಾಳೆ ಬರ್ರಿ" ಎನ್ನುತ್ತಿದ್ದರು. ಅಪ್ಪ ಆ ಬಾಟಲಿಗಳನ್ನೆಲ್ಲ ನೋಡಿಯೂ, "ಆಯ್ತು ಬಿಡ್ರಿ" ಎಂದು ಮನೆಗೆ ಬರುತ್ತಿದ್ದ.

ಆ ಸೇಲ್ಸ್‌ಮನ್‌ಗೆ ಚಳ್ಳಕೆರೆಗೆ ವರ್ಗವಾಗಿ ವರ್ಷಗಳಾದವು. ಆ ಅಂಗಡಿ ದಾಟುವಾಗ ಈಗಲೂ ಅವರ ದನಿಗಾಗಿ ಕಿವಿಗೊಡುತ್ತೇನೆ. ಅಂಗಡಿಯನ್ನು ಖಾಸಗಿಯವರಿಗೆ ಕೊಡಬೇಕೋ ಬೇಡವೋ ಎಂದು ಈಗ ಊರೆಲ್ಲ ವಾದ ನಡೆದಿದೆ. ಅವ್ವ ನನ್ನನ್ನು ಕೇಳಿದ್ದು ಒಂದೇ ಮಾತು:

"ಹೊಸದಾಗಿ ಅಂಗಡಿ ನಡೆಸೋಕೆ ಬರೋರು ಸ್ಟಾಕ್ ಇಲ್ಲ ಅಂತಾರೇನಪ್ಪಾ?"