ಮುಂದಕ್ಕೆ ಬರುವ ನೀರು

…ಅಥವಾ ಹಸಿರೇ ಇತ್ತೇನೋ. ಕಾರವಾರದ ಸಮುದ್ರ ನೀಲಿ ಎಂದು ಹೋದ ವರ್ಷದಿಂದ ಕಂಡಕಂಡವರಿಗೆ ಹೇಳುತ್ತ ಬಂದಿದ್ದೇನೆ, ಈಗ ಅನುಮಾನ. ಆ ನೀಲಿ ನಾನು ಕಂಡದ್ದೋ, ನಮ್ಮ ಶಾಲೆಯ ಗೋಡೆಯ ನಕಾಶೆಯದೋ? ಮೂವತ್ತು ವರ್ಷ ಆ ನಕಾಶೆಯ ಮೇಲೆ ಕೋಲಿಟ್ಟು ಸಮುದ್ರದ ಪಾಠ ಹೇಳಿದವನು ನಾನು, ಸಮುದ್ರ ನೋಡದೆಯೇ.

ಹೋಗುವ ಹಟ ಲಾಲಸಾಬನದು. ಝಳಕಿಯಲ್ಲಿ ಲಿಂಬೆಹಣ್ಣಿನ ವ್ಯಾಪಾರ ಮಾಡುವ ಬಾಲ್ಯದ ಗೆಳೆಯ. ಅವನ ನೋಟ ಅಂಚಿನಿಂದ ಕಿರಿದಾಗುತ್ತ ಬಂದಿತ್ತು. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಲು ನೋಡೋಣ ಎಂದಿದ್ದರು ಡಾಕ್ಟರು.

"ಉಳಿದಷ್ಟರಾಗ ಸಮುದ್ರ ನೋಡಿಬಿಡ್ತೇನಿ, ಮಾಸ್ತರ. ನೀ ಬರೇ ಕೈ ಹಿಡಿ. ವರ್ಣನಾ ಮಾಡಬ್ಯಾಡ" ಎಂದ.

ಬಯಲುಸೀಮೆಯ ನಮ್ಮ ಇಂಡಿ ತಾಲ್ಲೂಕಿನವರ ಕಣ್ಣಿಗೆ ಕಾರವಾರ ಒಂದು ಅತಿಶಯೋಕ್ತಿ. ನಮ್ಮಲ್ಲಿ ದೃಷ್ಟಿ ಹಾಯುವವರೆಗೂ ಎರೆಹೊಲ. ಅಲ್ಲಿ ಗುಡ್ಡ, ಕಾಡು, ನದಿ, ದ್ವೀಪ, ಸಮುದ್ರ ಎಲ್ಲವೂ ನಮ್ಮ ಟೆಂಪೋದೊಳಗಿನ ಜನರಂತೆ ಒತ್ತಿ ಕೂತಿವೆ. ಬಂದರಿನಲ್ಲಿ ದೋಣಿಗಳು ಭುಜಕ್ಕೆ ಭುಜ ತಾಗಿಸಿ ಓಲಾಡುತ್ತಿದ್ದವು. ಗುಡ್ಡ ನೆಟ್ಟಗೆ ನೀರಿಗೇ ಇಳಿದಿತ್ತು.

ನೀರಿನಿಂದ ಎರಡು ಮಾರು ದೂರದಲ್ಲಿ ಚಪ್ಪಲಿ, ರೊಟ್ಟಿಯ ಗಂಟು ಇಟ್ಟೆವು. ಕೆರೆಯ ದಂಡೆಯಲ್ಲಿ ಇಡುವುದು ಹಾಗೇ. ನಮ್ಮ ನೀರು ಬೇಸಿಗೆಯಿಡೀ ಹಿಂದೆ ಹಿಂದೆ ಸರಿಯುತ್ತದೆ, ನಾವು ಕೊಡ ಹಿಡಿದು ಬೆನ್ನು ಹತ್ತುತ್ತೇವೆ. ತಾನಾಗಿ ನಮ್ಮ ಕಡೆಗೆ ನಡೆದು ಬರುವ ನೀರು ನಮಗೇನು ಗೊತ್ತು? ಗೊತ್ತಿತ್ತು, ಸುಳ್ಳೇಕೆ, ಉಬ್ಬರ, ಇಳಿತ, ಚಂದ್ರ, ಎರಡು ಅಂಕದ ಪ್ರಶ್ನೆ.

ಲಾಲಸಾಬ ನೋಡುತ್ತಿದ್ದ. ನನ್ನ ಹಾಗೆ ಒಂದೇ ಏಟಿಗಲ್ಲ. ಎಡಗಡೆಯ ಗುಡ್ಡದಿಂದ ಶುರುಮಾಡಿ ಕತ್ತು ನಿಧಾನವಾಗಿ ಬಲಕ್ಕೆ ತಿರುಗಿಸಿ, ತುಸು ಮೇಲೆತ್ತಿ, ಮತ್ತೆ ಎಡಕ್ಕೆ. ಹೊಲದಲ್ಲಿ ಸಾಲು ಹೊಡೆದ ಹಾಗೆ. ದಂಡೆಯಿಂದ ಆಚೆಗೆ, ಒಂದೊಂದೇ ಸಾಲು. ಸಮುದ್ರವನ್ನು ಅಷ್ಟು ಮರ್ಯಾದೆಯಿಂದ ನೋಡಿದವರನ್ನು ನಾನು ಬೇರೆ ಕಂಡಿಲ್ಲ.

ಬಲೆ ಬಿಡಿಸುತ್ತಿದ್ದ ಹೆಂಗಸೊಬ್ಬಳು ಕೂಗಿದಳು: "ನೀರು ಏರ್ತಾ ಉಂಟು, ನಿಮ್ಮ ಗಂಟು ತೇಲಿ ಹೋಯ್ತು ನೋಡಿ."

ನಾನು ಓಡಿದೆ. ಒಂದು ಚಪ್ಪಲಿ ಸಿಕ್ಕಿತು. ರೊಟ್ಟಿ ಸಮುದ್ರದ ಪಾಲು.

"ಲಾಲ್ಯಾ, ಇಲ್ಲಿ ನೋಡಲೇ, ನಿನ್ನ ಚಪ್ಪಲಿ ಹೋತು."

ಅವನು ತಿರುಗಿದ. ಮತ್ತೆ ನೀರಿನ ಕಡೆಗೆ ಮುಖ ಮಾಡಿ, "ಹೋದ್ರ ಹೋಗವಲ್ದ್ಯಾಕ. ನಡುವ ಮಾತಾಡ್ಸಬ್ಯಾಡ. ಯಾವ ಸಾಲಿಗೆ ಬಿಟ್ಟಿದ್ದೆ ತಿಳೀವಲ್ದು" ಎಂದ.

ಈಗ ಅವನಿಗೆ ಎದುರಿನ ಅಂಗೈಯಗಲ ಮಾತ್ರ ಕಾಣುತ್ತದೆ. ನನ್ನ ಅನುಮಾನ ಬಗೆಹರಿಯಲಿ ಎಂದು ಮೊನ್ನೆ ಕೇಳಿದೆ, ಬಣ್ಣ ಯಾವುದಿತ್ತು ಎಂದು.

"ನದಿ ಕೂಡೂ ಕಡೆ ಮಣ್ಣಿನ ಬಣ್ಣ. ನಡುವ ಹಸರು. ಅದರಾಚೆ ಸಾಲಿಗೆ ನೀ ಕರದಿ ನೋಡು, ಅದೊಂದು ಬಿಟ್ಟು ಹೋತು. ನೀ ನೋಡಿರಬೇಕಲಾ, ಹೇಳು. ಈಗ ವರ್ಣನಾ ಮಾಡಿದ್ರೂ ನಡೀತೈತಿ."

ನಾನು ಆಗ ಚಪ್ಪಲಿಯ ಹಿಂದೆ ಓಡುತ್ತಿದ್ದೆ. ಆ ಸಾಲಿನಲ್ಲಿ ಏನಿತ್ತೋ ನನಗೂ ಗೊತ್ತಿಲ್ಲ.