ಅಕ್ಕನ ಉಕ್ಕಿನ ಕೀಲು

ಮೊನ್ನೆ ಹಲ್ಲುನೋವಿಗೆಂದು ತಂದ ಕ್ಯಾಪ್ಸೂಲ್ ಡಬ್ಬಿಯ ಮುಚ್ಚಳ ತೆಗೆದೆ. ಗಪ್ಪನೆ ಬಂತು ಆ ಘಾಟು... ಸುಗಟೂರಿನ ಮನೆ, ರೇಷ್ಮೆಹುಳುವಿನ ಕೋಣೆ, ಅದರ ಪಕ್ಕದ ಕೋಣೆಯ ಮಂಚದ ಮೇಲೆ ನನ್ನ ವಾರಗಿತ್ತಿ. ಅಕ್ಕ ಅಂತಿದ್ದೆ. ಬಾಯಲ್ಲಿ ಅಕ್ಕ, ಹೊಟ್ಟೆಯಲ್ಲಿ ಕಿಚ್ಚು.

ಎಂಬತ್ತರ ದಶಕದ ಮಾತು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡವಳಿಗೆ ಬೆಂಗಳೂರಿನಲ್ಲಿ ಉಕ್ಕಿನ ಕೀಲು ಹಾಕಿಸಿಕೊಂಡು ಬಂದರು. ಊರೆಲ್ಲ ನೋಡಲು ಬಂತು. ಬಂದವರಿಗೆಲ್ಲ ಕಾಫಿ ಕಾಯಿಸಿದವಳು ನಾನು, ಹುಳುಗಳಿಗೆ ಸೊಪ್ಪು ಹಾಕಿದವಳೂ ನಾನೇ. ಭಾವನವರು ಅವಳ ಕೈಹಿಡಿದು ಅಂಗಳದಲ್ಲಿ ನಡೆಸುತ್ತಿದ್ದರು. ನಾನು ಬೆನ್ನುನೋವು ಅಂದರೆ ನನ್ನ ಗಂಡ, "ಯಾರಿಗಿಲ್ಲ ಬಿಡೇ" ಅನ್ನುತ್ತಿದ್ದ. ಹೊಟ್ಟೆ ಉರಿಯದೆ ಇರುತ್ತದೆಯೇ?

ವರ್ಷ ಕಳೆಯುವುದರೊಳಗೆ ಆ ಕೀಲಿನಲ್ಲಿ ನೋವು, ಸಂಜೆಯಾದರೆ ಜ್ವರ. ಮತ್ತೆ ಬೆಂಗಳೂರಿಗೆ ಹೊರಡಬೇಕು. ನೆಂಟರು ಬರುವ ಮುಂಚೆ ಮನೆ ಸಾರಿಸುವ ಹಾಗೆ, ದೊಡ್ಡ ಡಾಕ್ಟರಿಗೆ ತೋರಿಸುವ ಮುಂಚೆ ಜ್ವರ ಇಳಿಸಿಕೊಂಡು ಹೋಗುವುದು ನಮ್ಮ ಮನೆಯ ಪದ್ಧತಿ. "ಹಿಂಗೇ ಹೋದ್ರೆ ಅಲ್ಲೇ ಮಲಗಿಸ್ಕೊಂತಾರೆ ತಲ್ಲೀ" ಎಂದು ಅತ್ತೆ ಕೋಲಾರದ ಮೆಡಿಕಲ್ ಶಾಪಿನಿಂದ ಇದೇ ಘಾಟಿನ ಆಂಟಿಬಯೋಟಿಕ್ ಕ್ಯಾಪ್ಸೂಲ್ ತರಿಸಿ ನುಂಗಿಸಿದರು. ಜ್ವರವೇನೋ ಇಳಿಯಿತು. ಆಸ್ಪತ್ರೆಯಲ್ಲಿ ಕೀಲಿಗೆ ಸೂಜಿ ಚುಚ್ಚಿ ನೀರು ತೆಗೆದು ಪರೀಕ್ಷಿಸಿದರೆ ಏನೂ ಸಿಗಲಿಲ್ಲ.

ಡಾಕ್ಟರು ಭಾವನವರಿಗೆ ಬೈದರಂತೆ: "ಮಾತ್ರೆ ನುಂಗಿಸಿ ಕರ್ಕೊಂಡು ಬಂದ್ರೆ ಕೀಲಲ್ಲಿ ಸೇರಿರೋ ಕ್ರಿಮಿ ಪರೀಕ್ಷೆಗೆ ಸಿಗುತ್ತೇನ್ರೀ? ಯಾವುದು ಅಂತ ತಿಳೀದೆ ಯಾವ ಔಷಧಿ ಕೊಡ್ಲಿ? ಎರಡು ವಾರ ಎಲ್ಲಾ ನಿಲ್ಲಿಸಿ ಬನ್ನಿ."

ಆ ಎರಡು ವಾರ... ಅವಳ ಮೈ ಸುಡುತ್ತಿತ್ತು. ಕಾಲು ಉಳಿಯುತ್ತದೋ, ಅವಳೇ ಉಳಿಯುತ್ತಾಳೋ ಎಂದು ಮನೆಯವರೆಲ್ಲ ಹೆದರಿದ್ದೆವು. "ಒಂದೇ ಒಂದು ಮಾತ್ರೆ ಕೊಡೇ" ಎಂದು ನನ್ನನ್ನು ಬೇಡಿದಳು. "ತಡ್ಕೊ ಕಣಕ್ಕ" ಅಂದೆ. ಕರುಳು ಚುರ್ ಅಂದದ್ದು ನಿಜ. ಹಣೆಗೆ ಒದ್ದೆಬಟ್ಟೆ ಹಾಕುತ್ತಾ ಪಕ್ಕ ಬಿಟ್ಟು ಏಳದ ಭಾವನವರನ್ನು ನೋಡಿ ಹೊಟ್ಟೆ ಉರಿದದ್ದೂ ನಿಜ, ಸುಳ್ಳೇಕೆ ಹೇಳಲಿ.

ಎರಡನೆಯ ಸಲ ಕ್ರಿಮಿ ಸಿಕ್ಕಿತು. ಉಕ್ಕಿನ ಕೀಲನ್ನೇ ತೆಗೆದುಹಾಕಿ, ತಕ್ಕ ಔಷಧಿ ಕೊಟ್ಟು ಜೀವ ಉಳಿಸಿದರು. ಕಾಲು ಗಿಡ್ಡವಾಯಿತು. ಆಮೇಲೆ ಬಸ್ಸಿಗೆ ಹೋಗುವಾಗೆಲ್ಲ ಭಾವನವರು ಅವಳ ಕುಂಟುನಡಿಗೆಗೆ ಸರಿಯಾಗಿ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದರು. ನನ್ನವನು ಯಾವಾಗಲೂ ಮುಂದೆ, ನಾನು ಹಿಂದಿನಿಂದ ಓಟ.

ಈಗ ಅಕ್ಕ ಇಲ್ಲ, ಭಾವನವರೂ ಇಲ್ಲ, ನನ್ನವನೂ ಹೋದ. ಹೊಟ್ಟೆಕಿಚ್ಚು ಮಾತ್ರ ಆರಿಲ್ಲ. ಅದನ್ನು ಹೇಳಿಕೊಂಡು ನಗಲಾದರೂ ಅವಳು ಇರಬೇಕಿತ್ತು... ನನ್ನ ಎರಡು ಕಾಲೂ ನೆಟ್ಟಗಿವೆ. ಎಲ್ಲಿಗೆ ಹೊರಟರೂ ಬಿರಬಿರನೆ ಹೋಗಿಬರುತ್ತೇನೆ, ಒಬ್ಬಳೇ.