ಎರ್ಮೆಲಿಂಡಾಳಿಗೆ ಪ್ಯಾರಿಸ್ ತೋರಿಸಿದ ಅಂಚೆಯವಳು

ಝುಲ್ಮಿರಾಳ ಕಾಲುಗಳ ವಿಷಯ ಮೊದಲು ಹೇಳಿಬಿಡಬೇಕು. ನಮ್ಮ ಗುಡ್ಡಗಾಡಿನ ಹಳ್ಳಿ ವಿಲಾರಿನ್ಯೊದಲ್ಲಿ ಅವಳ ಮುಖಕ್ಕಿಂತ ಕಾಲೇ ಹೆಚ್ಚು ಪ್ರಸಿದ್ಧ. ಮೂವತ್ತೆಂಟು ವರ್ಷ ಹೆಗಲಿಗೆ ಅಂಚೆಚೀಲ ತಗುಲಿಸಿಕೊಂಡು, ಗುಡ್ಡ ಹತ್ತಿ ಗುಡ್ಡ ಇಳಿದು, ದಿನಕ್ಕೆ ನಾಲ್ಕು ಹರದಾರಿ ನಡೆದವಳು ಅವಳು. ಅಪ್ಪನಿಗೆ ಸೊಂಟ ಹಿಡಿದಾಗ ಅವನ ಚೀಲವನ್ನೇ ಹೊತ್ತಳು. ಹೆಂಗಸು ಅಂಚೆ ಹಂಚುವುದುಂಟೇ ಎಂದು ಮೂಗು ಮುರಿದವರ ಮನೆಗೂ ಮಂಜು ಬೀಳುವಾಗ ಕಾಗದ ಮುಟ್ಟಿಸಿದಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ನನ್ನ ಜತೆ ನಡೆಯೋ ದಮ್ಮು ಯಾವನಿಗಿತ್ತು?" ಎನ್ನುತ್ತಿದ್ದಳು.

ಅವಳು ಕೆಲಸ ಬಿಟ್ಟ ವರ್ಷ, ಅಂದರೆ ತೊಂಬತ್ತೇಳರ ಮೇ ತಿಂಗಳಲ್ಲಿ, ಪ್ಯಾರಿಸ್ಸಿನಿಂದ ಎರ್ಮೆಲಿಂಡಾಳ ಕಾಗದ ಬಂತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ಎರ್ಮೆಲಿಂಡಾ ಅರವತ್ತಾರರಲ್ಲಿ, ಕೈಯಲ್ಲಿ ಒಂದು ಕಾಗದಪತ್ರವಿಲ್ಲದೆ, ಕಳ್ಳದಾರಿ ತೋರಿಸುವವನ ಹಿಂದೆ ಬೆಟ್ಟ ದಾಟಿ ಫ್ರಾನ್ಸಿನಲ್ಲಿದ್ದ ಗಂಡನನ್ನು ಸೇರಿಕೊಂಡಳು. ಗಾರೆ ಕೆಲಸದ ಆ ಅದೆಲಿನೊ ತೀರಿಕೊಂಡು ಆರು ವರ್ಷವಾಗಿತ್ತು. ಇವಳು ಅಲ್ಲಿ ಐದಂತಸ್ತಿನ ವಠಾರವೊಂದರ ಬಾಗಿಲು ಕಾಯುವವಳು: ಮೆಟ್ಟಿಲು ತೊಳೆಯಬೇಕು, ಕಸದ ಡಬ್ಬಿ ಹೊರಗಿಡಬೇಕು, ಬಂದ ಪಾರ್ಸೆಲ್ ತೆಗೆದುಕೊಂಡು ಇಟ್ಟಿರಬೇಕು. ಕಾಗದಪತ್ರ ಸಿಕ್ಕ ಮೇಲೆ ಪ್ರತಿ ಆಗಸ್ಟಿನಲ್ಲಿ ಊರಿಗೆ ಬಂದು ಕಾರಂಜಿಯ ಕಟ್ಟೆಯ ಮೇಲೆ ಕೂತು ಪ್ಯಾರಿಸ್ಸಿನ ಗೋಪುರ, ಸೇತುವೆ, ದೀಪಗಳ ಕಥೆ ಹೇಳುತ್ತಿದ್ದಳು. ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಊರಿನಲ್ಲಿ ಅವಳಿಗೆ 'ಪ್ಯಾರಿಸ್ಸಿನವಳು' ಎಂದೇ ಹೆಸರು.

ಕಾಗದದಲ್ಲಿ ನಾಲ್ಕೇ ಸಾಲು. ಈ ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ, ಊರಿಗೇ ಬಂದುಬಿಡುತ್ತೇನೆ. ನೀನು ಭಾನುವಾರ ಬಾ, ವಾರವಿರು, ಶನಿವಾರದ ಬಸ್ಸಿಗೆ ಇಬ್ಬರೂ ಹೊರಡೋಣ. ಪ್ಯಾರಿಸ್ ತೋರಿಸುತ್ತೇನೆ.

ಝುಲ್ಮಿರಾ ಹೋದಳು. ಭಾನುವಾರ ಎರ್ಮೆಲಿಂಡಾ ಸೊಪ್ಪಿನ ಸಾರು, ಒಣಮೀನು ಮಾಡಿ ಬಡಿಸಿದಳು. ಇಬ್ಬರೂ ಮಾತಾಡಿ ಮಾತಾಡಿ ಗಂಟಲು ಕಟ್ಟಿಸಿಕೊಂಡರು. ಸೋಮವಾರ ಬೆಳಿಗ್ಗೆ ಝುಲ್ಮಿರಾ ಬೂಟಿನ ಲಾಡಿ ಬಿಗಿದು ಬಾಗಿಲಲ್ಲಿ ನಿಂತಳು.

"ನಡಿಯೇ. ನದಿ ತೋರಿಸು ಮೊದಲು."

"ಇವತ್ತು ನಲ್ಲಿ ರಿಪೇರಿಯವನು ಬರ್ತಾನೆ ಕಣೇ," ಎಂದಳು ಎರ್ಮೆಲಿಂಡಾ. "ಪಾರ್ಸೆಲ್ ಬೇರೆ ಬರೋದಿದೆ. ನಾಳೆ ನೋಡೋಣ."

"ಸರಿ, ನಿನ್ನ ನಲ್ಲಿ ನೀನು ನೋಡ್ಕೋ. ನನಗೆ ಕಾಲಿದೆ."

"ಒಬ್ಬಳೇ ಹೋಗ್ತೀಯಾ? ಭಾಷೆ ಬರಲ್ಲ ನಿಂಗೆ."

"ಗುಡ್ಡದ ನಾಯಿಗಳ ಭಾಷೆ ಬರ್ತಿತ್ತೇನೇ ನಂಗೆ?" ಎಂದು ಝುಲ್ಮಿರಾ ಹೊರಟೇಬಿಟ್ಟಳು.

ಬೀದಿಗಿಳಿದರೆ ಎಡವೂ ಒಂದೇ, ಬಲವೂ ಒಂದೇ. ಬೇರೆ ಯಾರೇ ಆಗಿದ್ದರೂ ನಕ್ಷೆ ಬಿಚ್ಚುತ್ತಿದ್ದರು. ಇವಳ ಕಣ್ಣಿಗೆ ಬಿದ್ದದ್ದು ಆ ಬೀದಿಯ ಅಂಚೆಯವನು. ಚೀಲ ಕಂಡದ್ದೇ ತಡ, ಇವಳು ಅವನ ಹಿಂದೆ ಬಿದ್ದಳು. ಅವನು ನಿಂತರೆ ಇವಳೂ ನಿಂತಳು, ಅವನು ಬೀದಿ ದಾಟಿದರೆ ಇವಳೂ ದಾಟಿದಳು. ಹತ್ತು ಮನೆಯಾದ ಮೇಲೆ ಆ ಬಡಪಾಯಿ ತಿರುಗಿ ಏನು ಬೇಕೆಂದು ಕೇಳಿದ. ಝುಲ್ಮಿರಾ ಕೊರಳಪಟ್ಟಿ ಸರಿಸಿ, ಚೀಲದ ಪಟ್ಟಿಯಿಂದ ಹೆಗಲಿಗೆ ಬಿದ್ದಿದ್ದ ಹಳ್ಳ ತೋರಿಸಿದಳು. ಅವನು ತನ್ನ ಹೆಗಲು ತಟ್ಟಿಕೊಂಡು ಗಹಗಹಿಸಿ ನಕ್ಕ. ಅಲ್ಲಿಂದ ಮುಂದೆ ಇಬ್ಬರೂ ಜತೆಯಲ್ಲೇ ಅಂಚೆ ಹಂಚಿದರು.

ಬೇರೆಯಾಗುವ ಮುಂಚೆ ಅವನು ಇವಳಿಗೊಂದು ಗುಟ್ಟು ಹೇಳಿಕೊಟ್ಟ. ಅದಕ್ಕೆ ಮಾತೇ ಬೇಕಾಗಲಿಲ್ಲ. ಗೋಡೆಯ ಮೇಲಿನ ಮನೆ ನಂಬರಿಗೆ ಬೆರಳಿಟ್ಟ, ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿದ, ಆಮೇಲೆ ನೀರು ಹರಿಯುವಂತೆ ಕೈ ಆಡಿಸಿದ. ನಂಬರು ಇಳಿಯುತ್ತ ಹೋದರೆ ನದಿ. ಏರುತ್ತ ಬಂದರೆ ಮನೆ. ಝುಲ್ಮಿರಾಳಿಗೆ ಇಷ್ಟು ಸಾಕಾಯಿತು. ಆ ದಿನ ಸಂಜೆಯವರೆಗೆ, ಮಂಗಳವಾರವಿಡೀ ಅವಳು ಆ ಶಹರವನ್ನು ತನ್ನ ಗುಡ್ಡದ ಹಾಗೆ ತುಳಿದಳು. ಸೇತುವೆಗಳ ಮೇಲೆ ನಿಂತಳು, ಬೆಂಚಿನಲ್ಲಿ ಕೂತು ಜೋಳದ ರೊಟ್ಟಿ ತಿಂದಳು, ಟಪಾಲು ಪೆಟ್ಟಿಗೆಗಳು ತೀರ ಕೆಳಗಿವೆ ಎಂದು ಬೈದಳು. ಇಷ್ಟು ಸಂತೋಷ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ.

ಮಂಗಳವಾರ ಸಂಜೆ ಎರ್ಮೆಲಿಂಡಾ ಅಂಗಳ ಗುಡಿಸುತ್ತಿದ್ದಳು. ಝುಲ್ಮಿರಾ ಕಾಲು ನೀಡಿ ಕೂತು, "ನದಿ ಎಷ್ಟೊಂದು ಹತ್ತಿರ ಮಾರಾಯ್ತಿ, ಅರ್ಧ ಗಂಟೆ ದಾರಿ," ಎಂದಳು.

ಪೊರಕೆ ನಿಂತಿತು. "ಅರ್ಧ ಗಂಟೆನಾ?" ಎಂದಳು ಎರ್ಮೆಲಿಂಡಾ. "ಅಷ್ಟೇನಾ?"

ಝುಲ್ಮಿರಾ ಅವಳ ಮುಖ ನೋಡಿದಳು.

"ನೀನು ನದಿ ನೋಡಿಲ್ವಾ?"

"ಬಸ್ಸಿನ ಕಿಟಕೀಲಿ ಒಂದ್ಸಲ ನೋಡಿದ್ದೆ. ಕತ್ತಲಾಗಿತ್ತು."

"ಗೋಪುರ?"

ಎರ್ಮೆಲಿಂಡಾ ತನ್ನ ಕೋಣೆಯ ಗೋಡೆಯಲ್ಲಿದ್ದ ಗೋಪುರದ ಚಿತ್ರದ ಕ್ಯಾಲೆಂಡರಿನತ್ತ ಗಲ್ಲ ತಿರುವಿದಳು. ಆಮೇಲೆ ಪೊರಕೆ ಗೋಡೆಗೊರಗಿಸಿ, ಕಲ್ಲಿನ ಮೆಟ್ಟಿಲ ಮೇಲೆ ಕುಸಿದಳು.

"ಮೊದಲು ಪೇಪರ್ ಇರ್ಲಿಲ್ಲ. ಪೊಲೀಸ್ನೋರು ಕೇಳಿದ್ರೆ ವಾಪಸ್ ಕಳಿಸ್ತಾರೆ, ಆ ದೊಡ್ಡ ರಸ್ತೆ ದಾಟಬೇಡ ಅಂದ್ರು ನಮ್ಮನೆಯವ್ರು. ಪೇಪರ್ ಬಂದ್ಮೇಲೂ ಕಾಲು ಏಳ್ಲಿಲ್ಲ. ಕೆಲಸ, ಚರ್ಚು, ಮಾರ್ಕೆಟ್ಟು. ಮೂವತ್ತೊಂದು ವರ್ಷ ಆಗೋಯ್ತು. ಶನಿವಾರ ಹೊರಟುಬಿಟ್ರೆ ಮುಗೀತು. ಪ್ಯಾರಿಸ್ಸಿನವಳಂತೆ ನಾನು, ಪ್ಯಾರಿಸ್ಸಿನವಳು." ಅವಳು ಏಪ್ರನ್ನಿನಲ್ಲೇ ಮುಖ ಒರೆಸಿಕೊಂಡಳು. "ಊರಲ್ಲಿ ಹೇಳ್ಬೇಡ ಕಣೇ."

ಝುಲ್ಮಿರಾಳಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಕೊನೆಗೆ ಕರುಳು ಚುರುಕ್ಕೆಂದಿತು. ಇಷ್ಟು ವರ್ಷ ಆಗಸ್ಟು ಆಗಸ್ಟಿಗೂ ತಾನು ಕಟ್ಟೆಯ ಕೆಳಗೆ ಕೂತು ಕೇಳಿದ್ದೆಲ್ಲ ಕ್ಯಾಲೆಂಡರಿನ ಕಥೆ. ಅದು ಹಾಳಾಗಿಹೋಗಲಿ. ಇವಳು ಅರ್ಧ ಗಂಟೆಯ ದೂರದಲ್ಲಿದ್ದೂ ನೋಡದೆ ಹೊರಟುಬಿಡುತ್ತಾಳಲ್ಲ, ಅದನ್ನು ಹೇಗೆ ತಡೆದುಕೊಳ್ಳುವುದು?

ಬುಧವಾರ ಬೆಳಿಗ್ಗೆ ಅವಳು ಮೂರನೇ ಅಂತಸ್ತಿಗೆ ಹತ್ತಿ, ಅಲ್ಲಿದ್ದ ಮುದುಕಿ ಮದಾಂ ವಾಸೋರಳ ಕೈ ಹಿಡಿದು ಕೆಳಗೆ ಕರೆತಂದು ಎರ್ಮೆಲಿಂಡಾಳ ಕುರ್ಚಿಯಲ್ಲಿ ಕೂರಿಸಿದಳು. ಪಾರ್ಸೆಲ್ಲು ತೋರಿಸಿದಳು, ಬಾಗಿಲು ತೋರಿಸಿದಳು, ಎರ್ಮೆಲಿಂಡಾಳನ್ನು ತೋರಿಸಿ ಎರಡು ಬೆರಳನ್ನು ಕಾಲಿನಂತೆ ನಡೆಸಿದಳು. ಮದಾಂ ಫ್ರೆಂಚಿನಲ್ಲಿ ಏನೋ ಅಂದಳು.

"ಏನಂತೆ?" ಎಂದಳು ಝುಲ್ಮಿರಾ.

"ಇಪ್ಪತ್ತು ವರ್ಷದಿಂದ ಹೇಳ್ತಾ ಇದೀನಿ, ಈಗಲಾದ್ರೂ ಇವಳನ್ನ ಎಳ್ಕೊಂಡು ಹೋಗು ಅಂತಿದಾರೆ," ಎಂದು ಎರ್ಮೆಲಿಂಡಾ ಗೊಣಗಿದಳು.

ತೊಂಬತ್ತನಾಲ್ಕನೇ ನಂಬರಿನಿಂದ ಹೊರಟರು. ದೊಡ್ಡ ರಸ್ತೆ ಬರುವವರೆಗೆ ಎರ್ಮೆಲಿಂಡಾ ಸರಿಯಾಗಿಯೇ ನಡೆದಳು. ಅಲ್ಲಿ ದೀಪದ ಕಂಬ ಹಿಡಿದು ನಿಂತವಳು ಬಿಡಲೊಲ್ಲಳು. ಹಣೆಯಲ್ಲಿ ಬೆವರು.

"ಸಾಕು ಕಣೇ. ಎದೆ ಹೊಡ್ಕೋತಿದೆ. ವಾಪಸ್ ಹೋಗೋಣ."

"ಹೋಗು. ಹೋಗಿ ಕ್ಯಾಲೆಂಡರ್ ನೋಡ್ಕೊಂಡು ಕೂತ್ಕೋ." ಝುಲ್ಮಿರಾ ಸೊಂಟಕ್ಕೆ ಕೈಯಿಟ್ಟಳು. "ಪೇಪರಿಲ್ದೆ, ಮಂಜಲ್ಲಿ, ಕಳ್ಳನ ಹಿಂದೆ ಬೆಟ್ಟ ದಾಟಿದ್ಯಲ್ಲೇ. ಆವತ್ತು ಹೊಡ್ಕೋಳ್ಲಿಲ್ವಾ ಎದೆ?"

"ಹೊಡ್ಕೋತಿತ್ತು."

"ಮತ್ತೆ?"

"ನಡೀತಾ ಇದ್ದೆ."

"ಹಾಗಿದ್ರೆ ಈಗ್ಲೂ ಹೊಡ್ಕೊಳ್ಲಿ ಬಿಡು. ಆ ಗೋಡೆ ಮೇಲೆ ಏನು ಬರ್ದಿದೆ ಓದು."

"ಐವತ್ತೆಂಟು."

"ನಾವು ಹೊರಟದ್ದು ತೊಂಬತ್ತನಾಲ್ಕರಿಂದ. ಇಳೀತಾ ಹೋದ್ರೆ ನದಿ, ಏರ್ತಾ ಬಂದ್ರೆ ನಿನ್ನ ಮನೆ. ಕಳೆದುಹೋಗ್ಬೇಕು ಅಂದ್ರೂ ಆಗಲ್ಲ. ಓದ್ಕೊಂಡು ನಡಿ."

ಎರ್ಮೆಲಿಂಡಾ ಕಂಬ ಬಿಟ್ಟಳು. ರಸ್ತೆ ದಾಟುವಾಗ ಝುಲ್ಮಿರಾಳ ತೋಳನ್ನು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದಿದ್ದಳು. ಆಚೆ ಬದಿಗೆ ಬಂದ ಮೇಲೆ ಒಂದನೇ ತರಗತಿಯ ಮಕ್ಕಳಂತೆ ಗಟ್ಟಿಯಾಗಿ ಓದತೊಡಗಿದಳು. ಐವತ್ತು. ನಲವತ್ತನಾಲ್ಕು. ಮೂವತ್ತೆರಡು. ಜನ ತಿರುತಿರುಗಿ ನೋಡಿದರು. ಇಪ್ಪತ್ತರ ಹತ್ತಿರ ತೋಳು ಬಿಟ್ಟಳು. ಹನ್ನೆರಡಕ್ಕೆ ಬಂದಾಗ ಝುಲ್ಮಿರಾಳಿಗಿಂತ ಎರಡು ಹೆಜ್ಜೆ ಮುಂದಿದ್ದಳು. ಎರಡನೇ ನಂಬರಿನ ಮೂಲೆ ತಿರುಗಿದರೆ ಬೆಳಕೋ ಬೆಳಕು, ನದಿ, ಸೇತುವೆಗಳು, ಸಾಲು ಮರಗಳು.

ಎರ್ಮೆಲಿಂಡಾ ಕಲ್ಲಿನ ಕಟ್ಟೆಗೆ ಎದೆಯೂರಿ ನಿಂತಳು. ಅಳುತ್ತಾಳೆಂದು ಝುಲ್ಮಿರಾ ಕರ್ಚೀಫು ತೆಗೆದಿಟ್ಟುಕೊಂಡಳು.

"ಅಯ್ಯೋ, ಇಷ್ಟೇನಾ," ಎಂದಳು ಎರ್ಮೆಲಿಂಡಾ. "ನಾನು ಕಟ್ಟೆ ಮೇಲೆ ಕೂತು ಇದರ ನಾಲ್ಕರಷ್ಟು ಅಗಲ ಹೇಳಿದ್ದೆ." ಎಂದವಳೇ ಬಿದ್ದು ಬಿದ್ದು ನಕ್ಕಳು. ಅಂಚೆಯವಳೂ ನಕ್ಕಳು. ನಕ್ಕು ನಕ್ಕು ಇಬ್ಬರಿಗೂ ಕಣ್ಣಲ್ಲಿ ನೀರು ಬಂತು, ಆ ಕರ್ಚೀಫು ಇಬ್ಬರಿಗೂ ಸಾಲದಾಯಿತು.

ವಾಪಸ್ಸು ದಾರಿಯಲ್ಲಿ ಝುಲ್ಮಿರಾ ಬೇಕೆಂದೇ ಹಿಂದುಳಿದಳು. ಎರ್ಮೆಲಿಂಡಾ ಒಮ್ಮೆ ತಪ್ಪು ಬೀದಿಗೆ ನುಗ್ಗಿದಳು, ನಂಬರು ಇಳಿಯುವುದು ಕಂಡು ತಾನೇ ನಿಂತಳು, ತಾನೇ ತಿರುಗಿದಳು. ತೊಂಬತ್ತನಾಲ್ಕರ ಬಾಗಿಲು ತಲುಪಿದಾಗ ಮದಾಂ ವಾಸೋರ್ ಪಾರ್ಸೆಲ್ಲುಗಳ ಮಧ್ಯೆ ರಾಣಿಯಂತೆ ಕೂತಿದ್ದಳು.

ಗುರುವಾರ ಇಬ್ಬರೂ ಗೋಪುರದ ಮೊದಲ ಅಂತಸ್ತಿಗೆ ಮೆಟ್ಟಿಲು ಹತ್ತಿಯೇ ಹೋದರು. ಮೂವತ್ತೊಂದು ವರ್ಷ ಮೆಟ್ಟಿಲು ತೊಳೆದವಳಿಗೆ ಅದು ಯಾವ ಲೆಕ್ಕ? ಏದುಸಿರು ಬಿಟ್ಟದ್ದು ಅಂಚೆಯವಳು. ಶುಕ್ರವಾರ ಬೆಳಿಗ್ಗೆ ಝುಲ್ಮಿರಾ ಇನ್ನೂ ಮಗ್ಗುಲು ಬದಲಿಸುತ್ತಿದ್ದಾಗಲೇ ಎರ್ಮೆಲಿಂಡಾ ಡಬ್ಬಿಗಳನ್ನೆಲ್ಲ ಹೊರಗಿಟ್ಟು ಕೋಟು ತೊಟ್ಟು ನಿಂತಿದ್ದಳು. "ಏಳೇ ಸೋಮಾರಿ, ಹಗಲು ಹಾಳಾಗ್ತಿದೆ," ಎಂದು ಹೊದಿಕೆ ಎಳೆದಳು.

ಶನಿವಾರ ಬಸ್ ನಿಲ್ದಾಣದಲ್ಲಿ ಎರ್ಮೆಲಿಂಡಾಳ ಸಂಸಾರವೆಲ್ಲ ಏಳು ಪೆಟ್ಟಿಗೆಯಾಗಿ ಬಸ್ಸಿನ ಹೊಟ್ಟೆ ಸೇರಿತು. ಝುಲ್ಮಿರಾ ಹತ್ತಿ ಕಿಟಕಿಯ ಪಕ್ಕದ ಸೀಟು ಗೆಳತಿಗೆಂದು ಬಿಟ್ಟು ಕೂತಳು. ಎರ್ಮೆಲಿಂಡಾ ಕೆಳಗೇ ನಿಂತಿದ್ದಳು.

"ಹತ್ತೇ."

"ನಾನು ಬರಲ್ಲ ಕಣೇ."

"ತಲೆ ಕೆಟ್ಟಿದ್ಯಾ ನಿಂಗೆ? ಪೆಟ್ಟಿಗೆ ಎಲ್ಲ ಏರಿಸಾಯ್ತು. ಇರೋದೆಲ್ಲಿ?"

"ಮದಾಂ ಅಟ್ಟದ ಕೋಣೆ ಬೀಗದಕೈ ಕೊಟ್ಟಿದಾರೆ. ಒಂದು ತಿಂಗಳಿರು ಅಂದ್ರು. ನೋಡೋದು ಇನ್ನೂ ಎಷ್ಟೋ ಇದೆ. ಊರೇನು ಎಲ್ಲಿಗೂ ಓಡಿಹೋಗಲ್ಲ."

ಝುಲ್ಮಿರಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಒಬ್ಬಳೇನಾ?"

"ಒಬ್ಬಳೇ."

"ಊರಲ್ಲಿ ಕೇಳಿದ್ರೆ ಏನು ಹೇಳ್ಲಿ? ಎಲ್ರೂ ಕಾಯ್ತಿದಾರೆ, ಪ್ಯಾರಿಸ್ಸಿನವಳು ಬರ್ತಾಳೆ ಅಂತ."

"ಇದ್ದದ್ದು ಇದ್ದ ಹಾಗೆ ಹೇಳು. ಏನೂ ನೋಡಿರ್ಲಿಲ್ಲ, ಈಗ ನೋಡ್ತಿದಾಳೆ ಅನ್ನು. ನಗೋರು ನಗ್ಲಿ."

ಹೇಳಿ, ಕೈ ಬೀಸಿ, ಕೈಚೀಲ ಸರಿಮಾಡಿಕೊಂಡು ಜನರ ನಡುವೆ ಹೊರಟುಹೋದಳು. ಆ ನಡಿಗೆ ನೋಡುತ್ತ ಝುಲ್ಮಿರಾಳ ಎದೆ ಉಬ್ಬಿತು. ಇಡೀ ಜೀವಮಾನ ಹಂಚಿದ ಕಾಗದಗಳಲ್ಲಿ ಇಂಥ ಸುದ್ದಿ ಒಂದೂ ಇದ್ದಿರಲಾರದು ಎನ್ನಿಸಿತು ಅವಳಿಗೆ.

ಡ್ರೈವರು, ನಮ್ಮ ಕಡೆಯವನೇ, ತಲೆ ಎಣಿಸುತ್ತ ಬಂದು ಖಾಲಿ ಸೀಟಿನ ಹತ್ತಿರ ನಿಂತ. "ಅಮ್ಮಾ, ಇನ್ನೊಬ್ರು ಬರ್ಬೇಕಲ್ಲ? ಎಷ್ಟೊತ್ತು ಕಾಯೋದು?"

"ಕಾಯ್ಬೇಡಪ್ಪ, ಹೊರಡು," ಎಂದಳು ಝುಲ್ಮಿರಾ. "ಅವಳಿಗೆ ಪ್ಯಾರಿಸ್ ನೋಡೋದಿದೆ."